ನೋಟ್‌ಬುಕ್ಕಿನ ತಪ್ಪು ಎಲ್ಲಿಂದ ಬಂತು?

ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯ, ಕೆ.ಆರ್.ಪುರದ ಕಡೆಯ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಯಾದಗಿರಿಯ ಕನ್ನಡ, ಧರ್ಮಪುರಿಯ ತಮಿಳು, ಬಿಹಾರದ ಮೈಥಿಲಿ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಇಂಥ ತರಗತಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಬಹಳ ಶಾಲೆಗಳು ತೋರಿಸುವುದು ನವೆಂಬರಿನ ವೇಷಭೂಷಣ ಸ್ಪರ್ಧೆಯ ಫೋಟೋ. ವೇಷ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಮರುದಿನ ಅದೇ ಮಗುವಿಗೆ ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು ಬಂದು, ಕೆಳಗೆ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ’ ಎಂದು ಬೀಳುತ್ತದೆ. ಕೆಲಸ ಶುರುವಾಗಬೇಕಾದ್ದು ಆ ಎಂಟು ತಪ್ಪುಗಳಿಂದ.

ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ತ-ದ, ಪ-ಬ ಕೂಡ ಹಾಗೆಯೇ. ಮೊದಲು ತಮಿಳು ಓದಲು ಕಲಿತು ಬಂದ ಹುಡುಗಿ ‘ಗಡಿಯಾರ’ವನ್ನು ‘ಕಡಿಯಾರ’ ಎಂದು ಬರೆದರೆ ಅದು ಅಜಾಗ್ರತೆಯಲ್ಲ, ಕಲಿತ ನಿಯಮವನ್ನೇ ನಿಷ್ಠೆಯಿಂದ ಪಾಲಿಸಿದ್ದು. ಹಿಂದಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘದ ಭೇದ ಇಲ್ಲ, ಹಾಗಾಗಿ ‘ಕೆರೆ’ ಹೋಗಿ ‘ಕೇರೆ’ ಆಗುತ್ತದೆ. ಳಕಾರವೂ ಇಲ್ಲದ್ದರಿಂದ ‘ಮಳೆ’ ಬೇಕಾದಲ್ಲಿ ‘ಮಲೆ’. ಬಂಗಾಳಿ ಮಗುವಿಗೆ ವಕಾರ ಬಕಾರವಾಗುತ್ತದೆ. ಯಾದಗಿರಿಯ ಹುಡುಗ ‘ಮನಿ’, ‘ಬ್ಯಾಡ’ ಎಂದು ಬರೆದದ್ದಂತೂ ತಪ್ಪೇ ಅಲ್ಲ, ಅವನ ಮನೆಯ ಕನ್ನಡ. ಅದರ ಮೇಲೆ ಗೀಟು ಹಾಕಬೇಡಿ. ಪಕ್ಕದಲ್ಲಿ ‘ಮನೆ’ ಎಂದು ಬರೆದು, ಪುಸ್ತಕದಲ್ಲಿ ಹೀಗಿರುತ್ತದೆ ಅನ್ನಿ, ಸಾಕು. ಬೆಂಗಳೂರಿನ ಮಕ್ಕಳು ಕಿಸಕ್ಕನೆ ನಕ್ಕಾಗ ಸುಮ್ಮನಿರುವ ಮೇಷ್ಟ್ರು ಕೆಂಪು ಗೀಟಿಗಿಂತ ಹೆಚ್ಚು ಹಾನಿ ಮಾಡುತ್ತಾರೆ.

ಇಂಥ ತಪ್ಪನ್ನು ಹತ್ತು ಸಲ ಬರೆಸಿ ತಿದ್ದಲಾಗದು. ಕಿವಿಗೆ ಭೇದ ಗೊತ್ತಾಗದಿದ್ದರೆ ಕೈ ಹತ್ತು ಸಲವೂ ಬರೀ ನಕಲು ಮಾಡುತ್ತದೆ. ‘ಪಟ್ಟೆ-ಬಟ್ಟೆ’, ‘ಕೂಡು-ಗೂಡು’, ‘ಮಲೆ-ಮಳೆ’ಯಂಥ ಜೋಡಿಗಳನ್ನು ಕಾರ್ಡಿನಲ್ಲಿ ಬರೆದು, ಚಿತ್ರ ಬಿಡಿಸಿ. ನೀವು ಹೇಳಿ, ಮಗು ಕಾರ್ಡು ಎತ್ತಲಿ. ದಿನಕ್ಕೆ ಐದು ನಿಮಿಷ, ಒಂದು ವಾರಕ್ಕೆ ಒಂದೇ ಜೋಡಿ ಧ್ವನಿ. ಎತ್ತುವುದರಲ್ಲಿ ತಪ್ಪು ನಿಂತ ಮೇಲೆ ಬರೆಸಿ.

ಇದಕ್ಕೆಲ್ಲ ಯಾರ ಮನೆಯಲ್ಲಿ ಯಾವ ಭಾಷೆ ಎಂದು ಗೊತ್ತಿರಬೇಕು. ದಾಖಲಾತಿ ವಹಿಯಲ್ಲಿ ‘ಉರ್ದು’ ಎಂದಿರುವ ಶಿವಾಜಿನಗರದ ಮಗು ಮನೆಯಲ್ಲಿ ಆಡುವುದು ದಖ್ನಿ, ಅಂದರೆ ದಕ್ಷಿಣದ ಆಡುಮಾತಿನ ಉರ್ದು, ಇರಬಹುದು. ‘ಹಿಂದಿ’ ಎಂದಿರುವ ಮಗುವಿನದು ಭೋಜಪುರಿ ಇರಬಹುದು. ಜೂನ್ ಮೊದಲ ಎರಡು ವಾರದಲ್ಲಿ ಮೂರು ಪ್ರಶ್ನೆ ಕೇಳಿ, ಬೇರೆ ಬೇರೆ ದಿನ, ಆಟದ ನಡುವೆ: ಅಜ್ಜಿ ಜೊತೆ ಯಾವ ಭಾಷೆ? ತಮ್ಮನ ಜೊತೆ ಜಗಳಕ್ಕೆ ಯಾವುದು? ಬಸ್ಸಿನ ಬೋರ್ಡು ಯಾವ ಲಿಪಿಯಲ್ಲಿ ಓದುತ್ತೀಯ? ಮೂರನೆಯದರ ಉತ್ತರವೇ ಕಾಗುಣಿತದ ತಪ್ಪಿಗೆ ಕೀಲಿಕೈ.

ಸಂಖ್ಯೆಯಲ್ಲೂ ಇದೇ ಕತೆ. ಹಿಂದಿಯಲ್ಲಿ 45 ಅನ್ನುವಾಗ ಐದರ ಸದ್ದು ಮೊದಲು, ನಲವತ್ತರದು ಆಮೇಲೆ. 29 ಅಂದರೆ ಮೂವತ್ತಕ್ಕೆ ಒಂದು ಕಡಿಮೆ ಎಂಬ ರೂಪ. ಹೀಗೆ ಎಣಿಸಿ ಬೆಳೆದ ಮಗು ಬಾಯಿಲೆಕ್ಕದಲ್ಲಿ 45ನ್ನು 54 ಎಂದು ಬರೆಯುವುದುಂಟು. ಕನ್ನಡದ ‘ನಲವತ್ತು-ಐದು’ ಬರೆಯುವ ಕ್ರಮದಲ್ಲೇ ಇದೆ, ಸ್ಥಾನಬೆಲೆ ಕಲಿಸಲು ಸಲೀಸು. ಹತ್ತರ ಕಟ್ಟು ಮತ್ತು ಬಿಡಿ ಕಡ್ಡಿ ಇಟ್ಟು ಬಿಡಿಸಿ ಹೇಳಿಸಿ. ಒಂದೇ ಕಡೆ ನಮ್ಮದೂ ಕೈಕೊಡುತ್ತದೆ: ‘ಒಂಬತ್ತು’, ‘ತೊಂಬತ್ತು’ ಹೊಸ ಕಿವಿಗೆ ಒಂದೇ ಥರ.

ಇನ್ನೊಂದು ಕಡೆ ಅನುಭವಸ್ಥರೂ ಎಡವುತ್ತಾರೆ. ಶಾಲೆಗೆ ಬಂದ ಒಂದೂವರೆ ವರ್ಷದಲ್ಲಿ ಮಗು ಅಂಗಳದಲ್ಲಿ ಪಟಪಟ ಕನ್ನಡ ಆಡುತ್ತದೆ, ‘ಬಾಷ್ಪೀಕರಣ’ದ ಪಾಠಕ್ಕೆ ಬಾಯಿ ಕಟ್ಟುತ್ತದೆ. ‘ಮಾತಾಡೋಕೆ ಬರುತ್ತೆ, ಓದೋಕೆ ಸೋಮಾರಿ’ ಎಂಬ ತೀರ್ಪು ಸಿದ್ಧ. ಕೆನಡಾದ ಭಾಷಾತಜ್ಞ ಜಿಮ್ ಕಮಿನ್ಸ್ ಹೇಳಿದ ಲೆಕ್ಕ ಬೇರೆ: ಆಡುಮಾತು ಹಿಡಿತಕ್ಕೆ ಸಿಗಲು ಸುಮಾರು 2 ವರ್ಷ, ಪಾಠದ ಭಾಷೆಗೆ 5ರಿಂದ 7. ಆದ್ದರಿಂದ ಹೊಸ ಪರಿಕಲ್ಪನೆಗೆ ಮೊದಲ ಐದು ನಿಮಿಷ ಜೋಡಿಯಾಗಿ ಅವರವರ ಭಾಷೆಯಲ್ಲೇ ಮಾತಾಡಿಕೊಳ್ಳಲಿ. ಒದ್ದೆ ಬಟ್ಟೆ ಎಲ್ಲಿ ಬೇಗ ಒಣಗುತ್ತದೆ, ಯಾಕೆ ಎಂದು. ಆಮೇಲೆ ಬೋರ್ಡಿನ ಮೇಲೆ ‘____ ಇದ್ದಾಗ ನೀರು ಬೇಗ ಆವಿಯಾಗುತ್ತದೆ’ ಎಂಬ ವಾಕ್ಯ. ತುಂಬಲು ಸಮಯ ಕೊಡಿ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುತ್ತಾರೆ. ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳುವ ಮಗುವಿಗೆ ಹತ್ತಾದರೂ ಬೇಕು.

ಲೆಕ್ಕದ ವಸ್ತುವನ್ನೂ ಸುತ್ತಮುತ್ತಲಿಂದ ತನ್ನಿ. 8 ಅಡಿ ಉದ್ದ, 4 ಅಡಿ ಎತ್ತರದ ಗೋಡೆಗೆ, ಮುಖ 16×8 ಇಂಚಿರುವ ಸಾಲಿಡ್ ಬ್ಲಾಕ್ ಎಷ್ಟು ಬೇಕು? ಸಾಲಿಗೆ 6, ಸಾಲು 6, ಒಟ್ಟು 36. ‘ಮಿಸ್, ನಡುವೆ ಸಿಮೆಂಟ್ ಹಾಕಲ್ವಾ?’ ಎಂದು ಯಾರಾದರೂ ಕೇಳಿದರೆ ಅದೇ ಮುಂದಿನ ಲೆಕ್ಕ. ಹೂವಿನ ಮೊಳವೂ ಆಗುತ್ತದೆ: ಒಂದೇ ಬೆಂಚನ್ನು ನಾಲ್ವರು ತಮ್ಮ ಮೊಳದಲ್ಲಿ ಅಳೆದರೆ ನಾಲ್ಕು ಉತ್ತರ, ಸೆಂಟಿಮೀಟರ್ ಯಾಕೆ ಬೇಕೆಂದು ಬೇರೆ ಹೇಳಬೇಕಿಲ್ಲ. ಆದರೆ ‘ನಿಮ್ಮಪ್ಪ ಗಾರೆ ಕೆಲಸದವರಲ್ವಾ, ನೀನೇ ಹೇಳು’ ಅಂದಿರೋ, ಪಾಠ ಕೆಟ್ಟಿತು. ಲೆಕ್ಕ ಇಡೀ ತರಗತಿಗೆ, ಯಾರ ಮನೆಯದೂ ಅಲ್ಲ. ಬಿಸಿಯೂಟದಲ್ಲಿ ಯಾರು ಮೊಟ್ಟೆ, ಯಾರು ಬಾಳೆಹಣ್ಣು ಎಂಬುದನ್ನೂ ಪಾಠದ ಉದಾಹರಣೆ ಮಾಡಬೇಡಿ. ಕನ್ನಡ ಬರುವ ಮಗುವನ್ನು ಇಡೀ ದಿನ ದುಭಾಷಿಯಾಗಿ ಕೂರಿಸಿದರೆ ಅವಳ ಪಾಠ ಹೋಗುತ್ತದೆ, ಸರದಿ ಹಾಕಿ.

ಇನ್ನು ಅಂಕ. ವಿಜ್ಞಾನದ ಉತ್ತರ ಸರಿಯಿದ್ದು ಕಾಗುಣಿತ ತಪ್ಪಿದ್ದರೆ ಪೂರ್ತಿ ಅಂಕ ಕೊಡಿ. ತಪ್ಪಿದ ಪದವನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡು, ಸೋಮವಾರದ ಕಾರ್ಡಿಗೆ ಸೇರಿಸಿ.