ಮುಂದೆ ಅರಮನೆ, ಹಿಂದೆ ಗಾಜು: ಇದೆಂಥಾ ಗೋದಾಮು?

ಪ್ರಶ್ನೆ: ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಆಫೀಸು ಇರುವುದು ನೂರು ವರ್ಷ ದಾಟಿದ ಬಟ್ಟೆ ಗೋದಾಮಿನಲ್ಲಿ. ಮುಂದಿನಿಂದ ನೋಡಿದರೆ ಅರಮನೆ. ಹಿಂದೆ ಹೋದರೆ ಮೇಲಿಂದ ಕೆಳತನಕ ಬರೀ ಗಾಜು. ಆಫೀಸು ಮಾಡುವಾಗ ಹಾಕಿದ್ದಾ ಅದು?

ಉತ್ತರ: ಗಾಜಿನ ಹಲಗೆ ಬದಲಾಗಿರಬಹುದು, ಆದರೆ ಆ ಉಪಾಯ ಹಳೆಯದೇ ಇರಬೇಕು. ಚೆಪ್‌ಸ್ಟೋ ಸ್ಟ್ರೀಟಿನ ಕೆನಡಾ ಹೌಸ್ ನೋಡಿ. 1909ರಲ್ಲಿ ಕಟ್ಟಿದ ಗೋದಾಮು ಅದು, ಈಗ ಆಫೀಸು. ಅದರ ಹಿಂಬದಿಯೂ ಕಟ್ಟಿದಾಗಿನಿಂದಲೇ ಗಾಜಿನದು.

ಸೀರೆ ಅಂಗಡಿಯಲ್ಲಿ ಅಮ್ಮಂದಿರು ಏನು ಮಾಡುತ್ತಾರೆ? ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನಂಬುವುದಿಲ್ಲ. ಸೆರಗು ಹಿಡಿದು ಬಾಗಿಲಿಗೆ ಬರುತ್ತಾರೆ, ಹಗಲ ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಮ್ಯಾಂಚೆಸ್ಟರ್‌ನ ವ್ಯಾಪಾರಿಗಳಿಗೂ ಅದೇ ಚಿಂತೆ. ಬಟ್ಟೆಯ ಸುರುಳಿ ಬಿಚ್ಚಿ, ಎಳೆ ತಪ್ಪಿದೆಯಾ, ಬಣ್ಣ ಒಂದೇ ಸಮ ಇದೆಯಾ ಅಂತ ನೋಡಲು ಹಗಲೇ ಬೇಕು. ಗ್ಯಾಸ್ ದೀಪದಲ್ಲಿ ಬಣ್ಣ ಹಳದಿಗೆ ತಿರುಗುತ್ತದೆ, ಬೆಂಕಿಯ ಭಯ ಬೇರೆ. ಮೋಡ, ಹೊಗೆ ತುಂಬಿದ ಊರಿನಲ್ಲಿ ಸಿಕ್ಕಷ್ಟು ಬೆಳಕನ್ನು ಒಳಗೆ ಎಳೆದುಕೊಳ್ಳಲೇಬೇಕಿತ್ತು. ಭಾರವನ್ನೆಲ್ಲ ಒಳಗಿನ ಲೋಹದ ಕಂಬ, ತೊಲೆಗಳೇ ಹೊರುತ್ತಿದ್ದವು. ಹಾಗಾಗಿ ಹಿಂದಿನ ಗೋಡೆ ಗಾಜಾದರೂ ನಡೆಯುತ್ತಿತ್ತು.

ಹಾಗಾದರೆ ಮುಂದೆ ಯಾಕೆ ಅಷ್ಟು ಠೀವಿ? ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂದಿದ್ದು ಮಿಲ್ಲುಗಳನ್ನು ನೋಡಿ. ಆದರೆ ಅಸಲಿ ಮ್ಯಾಂಚೆಸ್ಟರ್‌ನ ನಡುಪೇಟೆಯಲ್ಲಿ ಮೆರೆದಿದ್ದು ಮಿಲ್ಲಲ್ಲ, ಗೋದಾಮು. ನೂಲುವುದು, ನೇಯುವುದು ಹೆಚ್ಚಾಗಿ ಸುತ್ತಲಿನ ಊರುಗಳಲ್ಲಿ, ಮಾರುವುದು ಇಲ್ಲಿ. ಗಿರಾಕಿ ಬರುವುದು ಮುಂಬಾಗಿಲಿಗೆ, ಅಲ್ವಾ? ಅದಕ್ಕೇ ಆ ಮೆಟ್ಟಿಲು, ಆ ಕೆತ್ತನೆ. 1856ರಲ್ಲಿ ಮುಗಿದ ವಾಟ್ಸ್ ಗೋದಾಮಿನಲ್ಲಂತೂ ಒಂದೊಂದು ಅಂತಸ್ತಿಗೆ ಒಂದೊಂದು ಶೈಲಿ. ನನಗೆ ಅದು ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಕೆನಡಾ ಹೌಸಿನ ಮುಖಕ್ಕೆ ಟೆರಾಕೋಟಾ, ಅಂದರೆ ಸುಟ್ಟ ಜೇಡಿಮಣ್ಣು. ನಮ್ಮ ಮಂಗಳೂರು ಹೆಂಚಿನ ಸಿರಿವಂತ ನೆಂಟ ಅನ್ನಿ. ಮಸಿ ಕೂತರೆ ತೊಳೆಯಲು ಸುಲಭ.

ನೆಲಮಾಳಿಗೆಗೆ ಇಳಿದರೆ ಕಥೆಯೇ ಬೇರೆ. ಹಡಗಿನಲ್ಲಿ ಜಾಗಕ್ಕೂ ದುಡ್ಡು, ಅದಕ್ಕೆ ಬಟ್ಟೆಯನ್ನು ಅದುಮಿ ಬೇಲು ಕಟ್ಟಬೇಕು. ಅದುಮುವ ಯಂತ್ರಕ್ಕೆ ಬಲ ಕೊಟ್ಟಿದ್ದು ನೀರು! 1894ರಿಂದ ಊರಿನ ಬೀದಿಗಳ ಕೆಳಗೆ ಕೊಳವೆಗಳಲ್ಲಿ ಭಾರೀ ಒತ್ತಡದ ನೀರು ಓಡುತ್ತಿತ್ತು. ಟೌನ್ ಹಾಲ್ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದುದೂ ಅದೇ ನೀರು. ಈ ನೀರಿನ ವ್ಯವಸ್ಥೆ ನಿಂತುಹೋಗಿದ್ದು 1972ರಲ್ಲಿ. ಹೀಗೆ ಕಟ್ಟಿದ ಬೇಲು ಭಾರತಕ್ಕೂ ಬರುತ್ತಿತ್ತು. ವಿಟ್‌ವರ್ತ್ ಸ್ಟ್ರೀಟಿನ ಗೋದಾಮೊಂದರ ಹೆಸರೇ ಇಂಡಿಯಾ ಹೌಸ್, 1906ರದ್ದು.

ಇಂಥ ಕಟ್ಟಡ ಆಫೀಸಿಗೆ ಸಲೀಸಾಗಿ ಒಗ್ಗುತ್ತದೆ. ಬೇಲು ಹೊತ್ತ ನೆಲಕ್ಕೆ ಮೇಜು, ಕುರ್ಚಿ ಯಾವ ಲೆಕ್ಕ? ಅಡ್ಡಗೋಡೆ ಕಡಿಮೆ, ಚಾವಣಿ ಎತ್ತರ. ಕೆನಡಾ ಹೌಸ್‌ನಂಥವು ಸಂರಕ್ಷಿತ ಕಟ್ಟಡಗಳಾದ್ದರಿಂದ ಮನಸ್ಸಿಗೆ ಬಂದಂತೆ ಒಡೆಯುವಂತಿಲ್ಲ. ತಾಪತ್ರಯ ಇರುವುದು ಆ ಗಾಜಿನದ್ದೇ. ಚಳಿಗಾಲದಲ್ಲಿ ಬಿಸಿ ಹೊರಗೆ ಹೋಗುತ್ತದೆ, ಬೇಸಿಗೆಯಲ್ಲಿ ಬಿಸಿಲು ಒಳಗೆ ನುಗ್ಗುತ್ತದೆ. ಕಂಪ್ಯೂಟರ್ ಮೇಲೆ ಬೆಳಕು ಹೊಳೆದರೆ ಅಕ್ಷರ ಕಾಣುವುದಿಲ್ಲ. ನಿಮ್ಮ ಆಫೀಸಿನಲ್ಲೂ ಮಧ್ಯಾಹ್ನ ಯಾರಾದರೂ ಎದ್ದು ಪರದೆ ಎಳೆಯುತ್ತಾರೆ ತಾನೆ?