ಒಂದೇ ಹೊಳೆ, ಎರಡು ಬಗೆಯ ಸೇತುವೆ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಸಂಪಾಜೆ, ಸುಳ್ಯ ದಾಟಿ ಕಾಸರಗೋಡಿನ ಬಳಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಘಟ್ಟದಲ್ಲಿ ಸೇತುವೆಯ ಬುಡ ಕೊರೆಯುವ ಇದೇ ನೀರು ಅಳಿವೆಯಲ್ಲಿ ಉಪ್ಪಾಗಿ ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಎರಡೂ ಕಡೆ ಒಂದೇ ಕಣ್ಣಿನಿಂದ ತಪಾಸಣೆ ಮಾಡಿದರೆ ಏನೂ ಸಿಗುವುದಿಲ್ಲ.

ಮೊದಲು ಕರಾವಳಿಯ ಕತೆ. ಕಾಂಕ್ರೀಟಿನ ಕ್ಷಾರಗುಣದಿಂದ ಒಳಗಿನ ಸರಳಿನ ಮೈಮೇಲೆ ತೆಳುವಾದ ರಕ್ಷಾಪದರ ನಿಂತಿರುತ್ತದೆ. ಉಪ್ಪಿನ ಕ್ಲೋರೈಡ್ ನಿಧಾನವಾಗಿ ಇಳಿದು ಆ ಪದರವನ್ನು ಒಡೆಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಆದ್ದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಬಿರುಕು ಸರಳಿನ ಗುಂಟ ಓಡಿರುತ್ತದೆ, ಅಂಚಿನಲ್ಲಿ ಕಂದು ಕಲೆ ಇರುತ್ತದೆ, ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಸದಾ ಮುಳುಗಿರುವ ಭಾಗಕ್ಕಿಂತ ಉಬ್ಬರಕ್ಕೆ ನೆನೆದು ಇಳಿತಕ್ಕೆ ಒಣಗುವ ಪಟ್ಟಿಯೇ ಬೇಗ ಕೆಡುವುದು. ಅಲ್ಲಿ ಉಪ್ಪೂ ಗಾಳಿಯೂ ಎರಡೂ ಸಿಗುತ್ತವೆ. ಅದಕ್ಕೇ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಸಂಹಿತೆ ಆ ಜಾಗದಲ್ಲಿ ಸರಳಿನ ಮೇಲೆ 75 ಮಿ.ಮೀ. ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಕೇಳುತ್ತದೆ. ಕಾಂಕ್ರೀಟು ಸುರಿಯುವಾಗ ಸರಳನ್ನು ಅಚ್ಚಿನಿಂದ ದೂರ ಹಿಡಿಯುವ ಕವರ್ ಬ್ಲಾಕ್ ಜಾರಿ ಅದು 40ಕ್ಕೆ ಇಳಿದರೆ ಸೇತುವೆಯ ಆಯುಸ್ಸು ಅಲ್ಲೇ ಹೋಯಿತು.

ಪ್ರಿಸ್ಟ್ರೆಸ್ ಕೇಬಲ್‌, ಅಂದರೆ ಕಾಂಕ್ರೀಟನ್ನು ಬಿಗಿದು ಹಿಡಿಯಲು ಕೊಳವೆಯೊಳಗೆ ಎಳೆದು ಕಟ್ಟಿದ ಉಕ್ಕಿನ ತಂತಿಗಳ ಕಟ್ಟು, ಇನ್ನೂ ಅಪಾಯದ್ದು. ಸಾಮಾನ್ಯ ಸರಳು ಕಲೆ, ಬಿರುಕು ತೋರಿಸಿ ಎಚ್ಚರಿಸುತ್ತದೆ. ಕೇಬಲ್ ಹಾಗಲ್ಲ. ಕೊಳವೆಯಲ್ಲಿ ಗ್ರೌಟ್ (ಸಿಮೆಂಟಿನ ಗಂಜಿ) ತುಂಬದೆ ಖಾಲಿ ಉಳಿದ ಕಡೆ ನೀರು ನಿಂತು ತಂತಿ ತೆಳುವಾಗುತ್ತದೆ, ಹೊರಗೆ ಬಹುಕಾಲ ಗುರುತೇ ಇರುವುದಿಲ್ಲ. ಪಣಜಿಯ ಮಾಂಡೋವಿ ಸೇತುವೆ 1970ರಲ್ಲಿ ಸಂಚಾರಕ್ಕೆ ತೆರೆದು 1986ರ ಜುಲೈ 5ರಂದು ಕುಸಿಯಿತು. ಕೇಬಲ್‌ಗಳಿಗೆ ಹಿಡಿದ ತುಕ್ಕೇ ಅದಕ್ಕೆ ಕಾರಣ. ಹದಿನಾರೇ ವರ್ಷ! 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರದ ಕಾಳಿ ನದಿಯ ಹಳೆ ಸೇತುವೆಯೂ ಬಿತ್ತು, ಮೇಲಿದ್ದ ಲಾರಿ ನೀರಿಗೆ ಹೋಯಿತು. ಪಕ್ಕದ ಹೊಸ ಸೇತುವೆ ನಿಂತೇ ಇತ್ತು.

ಇನ್ನು ಕೊಡಗಿನದು. ಇಲ್ಲಿ ಉಪ್ಪಿನ ಕಾಟವಿಲ್ಲ, ಕೆಡುವುದು ಬುಡ. ಕಂಬಕ್ಕೆ ಬಡಿದ ನೀರು ಕೆಳಮುಖವಾಗಿ ತಿರುಗಿ ಸುಳಿಯಾಗಿ ಮರಳನ್ನು ಎತ್ತಿ ಒಯ್ಯುತ್ತದೆ. ಮೇಲಿನಿಂದ ತೇಲಿಬಂದ ಮರ, ಬಿದಿರಿನ ಮೆಳೆ ಕಂಬಕ್ಕೆ ಸಿಕ್ಕಿಕೊಂಡರೆ ನೀರಿನ ದಾರಿ ಕಟ್ಟಿ ಕೊರೆತ ಇನ್ನೂ ಆಳಕ್ಕೆ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದಂಥ ಮಳೆಗಾಲದಲ್ಲಿ ಹೊಳೆ ಹೊತ್ತು ತರುವುದು ಬರೀ ನೀರನ್ನಲ್ಲ. ಮೋಸವಿರುವುದು ಇಲ್ಲಿ: ಪ್ರವಾಹ ಏರಿದಾಗ ಆದ ಗುಂಡಿ ನೀರು ಇಳಿಯುವಾಗ ಸಡಿಲ ಮರಳಿನಿಂದ ಮುಚ್ಚಿಹೋಗುತ್ತದೆ. ಡಿಸೆಂಬರಿನಲ್ಲಿ ಇಳಿದು ನೋಡಿದರೆ ತಳ ಸಮವಾಗಿ ಕಾಣುತ್ತದೆ, ಆದರೆ ಆ ಮರಳಿಗೆ ಕಂಬವನ್ನು ಹಿಡಿದು ನಿಲ್ಲಿಸುವ ಬಲವಿಲ್ಲ.

ಅದಕ್ಕೆ ಎರಡು ಕೆಲಸ ಮಾಡಬೇಕು. ನೀರು ಏರಿರುವಾಗಲೇ, ಸೇತುವೆ ಮೇಲೆ ನಿಲ್ಲುವುದು ಸುರಕ್ಷಿತವಿದ್ದರೆ ಮಾತ್ರ, ಗುರುತು ಹಾಕಿದ ಹಗ್ಗಕ್ಕೆ ಭಾರದ ಸೀಸದ ಗುಂಡು ಕಟ್ಟಿ ಪ್ರತಿ ಕಂಬಕ್ಕೆ ನೀರು ಬಂದು ಬಡಿಯುವ ಬದಿಯಲ್ಲೂ ಹರಿದು ಹೋಗುವ ಬದಿಯಲ್ಲೂ ಇಳಿಬಿಟ್ಟು ಆಳ ಬರೆದಿಡಬೇಕು, ಪ್ರತಿ ವರ್ಷ ಅದೇ ಜಾಗದಲ್ಲಿ. ಬೇಸಿಗೆಯಲ್ಲಿ ಕಂಬದ ಬುಡದಲ್ಲಿ ಕಬ್ಬಿಣದ ಸರಳು ಚುಚ್ಚಿ ನೋಡಬೇಕು. ಗಟ್ಟಿ ನೆಲ ಬಹಳ ಆಳದವರೆಗೆ ತಾಗದಿದ್ದರೆ ಅದು ತುಂಬಿಕೊಂಡ ಗುಂಡಿ. ಆ ಆಳವನ್ನು ಅಡಿಪಾಯದ ನಕ್ಷೆಯ ಪಕ್ಕದಲ್ಲಿ ಇಟ್ಟು ನೋಡಬೇಕು.