ಸಾಠ್ ಕಬರ್‌ನಿಂದ ಮಲಿಕ್-ಎ-ಮೈದಾನದವರೆಗೆ: ವಿಜಯಪುರದ ದಂತಕಥೆಗಳ ಹಿನ್ನೆಲೆ

ವಿಜಯಪುರದ ಗುಮ್ಮಟ, ಬಾವಡಿ, ಬುರುಜುಗಳಲ್ಲಿ ಒಂದಾದರೂ ಕಥೆ ಅಂಟಿಕೊಳ್ಳದೆ ಉಳಿದಿದೆಯೇ ಎಂದು ಹುಡುಕುವುದು ಕಷ್ಟ. ಇವೆಲ್ಲ ಆದಿಲಶಾಹಿ ಕಾಲದಿಂದಲೇ ಹರಿದುಬಂದವೆಂದು ನಂಬುವುದು ವಾಡಿಕೆಯಾದರೂ, ಇಂಥ ಕಥೆಗಳಿಗೆ ಹದವಾದ ನೆಲ ಸಿಕ್ಕಿದ್ದು ಆ ಅರಸೊತ್ತಿಗೆ ಮುಗಿದ ಮೇಲೆ ಎಂದು ನನಗನ್ನಿಸುತ್ತದೆ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ನಗರ ಶರಣಾಗಿ ಸಿಕಂದರ್ ಆದಿಲಶಾಹ ಸೆರೆಯಾದ ಬಳಿಕ ದರ್ಬಾರನ್ನೇ ನೆಚ್ಚಿಕೊಂಡಿದ್ದ ಊರು ಕುಗ್ಗುತ್ತ ಹೋಯಿತು. ಮೊಗಲರು, ನಿಜಾಮರು, ಪೇಶ್ವೆಗಳು ಒಬ್ಬರಾದ ಮೇಲೊಬ್ಬರು ಒಡೆಯರಾದರು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತರುವವರೆಗಿನ ಸುಮಾರು 200 ವರ್ಷ ಈ ಕಟ್ಟಡಗಳಿಗೆ ಕಟ್ಟಿಸಿದವರ ವಂಶವಿರಲಿಲ್ಲ. ಯಾರು, ಏಕೆ ಕಟ್ಟಿಸಿದರೆಂಬ ಪ್ರಶ್ನೆಗೆ ಸುತ್ತಲಿನ ಜನ ತಮಗೆ ತೋಚಿದ ಉತ್ತರ ಕೊಟ್ಟುಕೊಂಡರು.

ಅಂಥ ಉತ್ತರಗಳಲ್ಲಿ ಅತ್ಯಂತ ಭೀಕರವಾದದ್ದು ನಗರದ ಪಶ್ಚಿಮಕ್ಕಿರುವ ಸಾಠ್ ಕಬರ್‌ನ ಕಥೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಆದಿಲಶಾಹಿ ಸೇನಾಪತಿ ಅಫಜಲಖಾನನಿಗೆ, ನೀನು ಜೀವಂತ ಮರಳುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿದರಂತೆ; ತಾನಿಲ್ಲದ ಮೇಲೆ ತನ್ನ ಹೆಂಡಂದಿರು ಪರರ ಪಾಲಾಗಬಾರದೆಂದು ಅವರನ್ನೆಲ್ಲ ಬಾವಿಗೆ ನೂಕಿಸಿ, ಸಾಲಾಗಿ ಹೂಳಿಸಿ ಹೊರಟನಂತೆ. ಹೆಸರಿನಲ್ಲಿ ಅರವತ್ತಿದ್ದರೂ ಕಟ್ಟೆಯ ಮೇಲಿರುವುದು ಏಳು ಸಾಲುಗಳಲ್ಲಿ 63 ಗೋರಿಗಳು. ಕರಿಕಲ್ಲಿನಲ್ಲಿ ಒಂದೇ ಅಚ್ಚಿನಂತೆ ಕಡೆದಿರುವ ಅವುಗಳ ನೆತ್ತಿ ಚಪ್ಪಟೆಯಾಗಿದೆ. ಗಂಡಸರ ಗೋರಿಯ ಮೇಲೆ ಕಾಣುವ ಏಣು ಇಲ್ಲಿಲ್ಲ. ಆದ್ದರಿಂದ ಇವು ಹೆಂಗಸರವೆಂಬ ಮಾತಿಗೆ ಕಲ್ಲೇ ಸಾಕ್ಷಿ. ಅವರು ಸತ್ತದ್ದು ಹೇಗೆಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ. ಒಂದೇ ರಾಣಿವಾಸದವರನ್ನು ವರ್ಷಾನುಗಟ್ಟಲೆ ಒಂದೇ ಕಡೆ ಹೂಳುತ್ತ ಬಂದರೂ ಇಂಥ ಸಾಲುಗಳಾಗಬಹುದು.

ಆದರೂ ಈ ಕಥೆಯನ್ನು ಬರೀ ಕಟ್ಟುಕಥೆಯೆಂದು ತಳ್ಳಿಹಾಕಲು ಮನಸ್ಸು ಹಿಂಜರಿಯುವುದಕ್ಕೆ ಕಾರಣವಿದೆ. ಅಫಜಲಖಾನ ಬದುಕಿರುವಾಗಲೇ ಹತ್ತಿರದಲ್ಲಿ ತನಗಾಗಿ ಗೋರಿ ಕಟ್ಟಿಸಲು ತೊಡಗಿದ್ದ, ಅದರ ಪಕ್ಕದಲ್ಲೇ ಮಸೀದಿಯನ್ನೂ ಕಟ್ಟಿಸಿದ್ದ. ಅವನು 1659ರ ನವೆಂಬರ್ 10ರಂದು ಪ್ರತಾಪಗಡದ ಬಳಿ ಹತನಾದ, ಅಲ್ಲಿಯೇ ಮಣ್ಣಾದ. ಇಲ್ಲಿನ ಗೋರಿ ಖಾಲಿಯಾಗಿ ಉಳಿಯಿತು. ಮರಳಿ ಬಾರದ ಯಜಮಾನ, ಬರಿದಾದ ಗೋರಿ, ಪಕ್ಕದಲ್ಲಿ ಹೆಂಗಸರ 63 ಸಮಾಧಿಗಳು: ಇವನ್ನು ಒಂದೇ ದಾರಕ್ಕೆ ಪೋಣಿಸಲು ಜನರಿಗೆ ಹೆಚ್ಚು ಹೊತ್ತು ಹಿಡಿದಿರಲಾರದು.

ಅರ್ಧಕ್ಕೇ ನಿಂತ ಅರಸನ ಗೋರಿ ಬಾರಾ ಕಮಾನಿನ ಕಥೆಗೆ ಇಷ್ಟು ಆಧಾರವೂ ಇಲ್ಲ. ಅದು ಪೂರ್ತಿಯಾದರೆ ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ಕೆಲಸ ನಿಲ್ಲಿಸಿದರು ಎನ್ನುತ್ತಾರೆ. ಎರಡರ ನಡುವಿನ ದೂರವನ್ನು ಒಮ್ಮೆ ನಡೆದು ನೋಡಿದವರಿಗೆ ನಗು ಬರಬೇಕು. ಕಟ್ಟಿಸುತ್ತಿದ್ದ ಎರಡನೆಯ ಅಲಿ ಆದಿಲಶಾಹ 1672ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಸಿಕಂದರ್ ಇನ್ನೂ ಬಾಲಕ, ಸರದಾರರ ಒಳಜಗಳದಲ್ಲಿ ರಾಜ್ಯವೇ ಅಲುಗಾಡುತ್ತಿತ್ತು. ಗೋಳಗುಮ್ಮಟದಲ್ಲೂ ಹೀಗೆಯೇ, ಪ್ರೀತಿಯ ಪರೀಕ್ಷೆಗೆಂದು ಮಹಮ್ಮದ್ ಆದಿಲಶಾಹ ಹೇಳಿದ್ದಕ್ಕೆ ನರ್ತಕಿ ರಂಭಾ ಮೇಲಿನ ಮೊಗಸಾಲೆಯಿಂದ ಧುಮುಕಿದಳೆಂಬ ಕಥೆಯನ್ನು ಹೇಳಿ, ಒಳಗಿನ ಗೋರಿಗಳಲ್ಲಿ ಅವಳದನ್ನೂ ತೋರಿಸುತ್ತಾರೆ. ಸುಮಾರು 38 ಮೀಟರ್ ಅಗಲದ ಗುಮ್ಮಟದಡಿ ಒಬ್ಬರು ಗೋಡೆಗೆ ಬಾಯಿಯಿಟ್ಟು ಪಿಸುಗುಟ್ಟಿದ್ದು ಬಾಗಿದ ಗೋಡೆಗುಂಟ ಸಾಗಿ ಎದುರು ತುದಿಯವರ ಕಿವಿಗೆ ಮುಟ್ಟುವಲ್ಲಿ, ಸತ್ತವಳ ದನಿ ಕೇಳುತ್ತದೆಂದು ಯಾರಾದರೂ ಹೇಳಿದರೆ ಸಂಜೆಯ ಹೊತ್ತು ಒಪ್ಪದಿರುವುದು ಸುಲಭವಲ್ಲ.

ಕಥೆ, ನಂಬಿಕೆಗಳು ಕಲ್ಲು ಲೋಹಗಳನ್ನು ಕಾಯುವುದೂ ಉಂಟು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದು, 1632ರಲ್ಲಿ ಪರಂಡಾ ಕೋಟೆಯಿಂದ ಇಲ್ಲಿಗೆ ತಂದ ಮಲಿಕ್-ಎ-ಮೈದಾನ ತೋಪಿನ ಬಾಯಿ ಆನೆಯನ್ನು ನುಂಗುವ ಸಿಂಹದ ರೂಪದಲ್ಲಿದೆ. ಅದನ್ನು ಮುಟ್ಟಿ ಹರಕೆ ಕಟ್ಟಿಕೊಂಡರೆ ಬೇಡಿದ್ದು ಕೈಗೂಡುತ್ತದೆಂಬ ನಂಬಿಕೆ ಬಹಳ ಹಳೆಯದು. ಉಪಯೋಗಕ್ಕೆ ಬಾರದ ಹಳೆಯ ತೋಪುಗಳನ್ನು ಮಾರಿಬಿಡುವಂತೆ 1854ರಲ್ಲಿ ಆದೇಶ ಬಂದಾಗ ಇದನ್ನೂ ಹರಾಜಿಗಿಟ್ಟರು; ಕೂಗಿದ ಹೆಚ್ಚಿನ ಬೆಲೆ 150 ರೂಪಾಯಿ. ಮೊತ್ತ ತೀರ ಕಡಿಮೆಯೆಂದೂ, ಜನ ಅದನ್ನು ಭಕ್ತಿಯಿಂದ ಕಾಣುತ್ತಾರೆಂದೂ ಅಧಿಕಾರಿ ಮೇಲಿನವರಿಗೆ ಬರೆದ ಮೇಲೆ ಮಾರಾಟ ರದ್ದಾಯಿತು, ತೋಪು ಬುರುಜಿನ ಮೇಲೆಯೇ ಉಳಿಯಿತು.